ಮನ್ಯಾಗಿನ ಪಿಸಿ ವಿಜ್ಞಾನದ ಕೆಲಸಕ್ಕ ಹಚ್ಚೋರು ಇದನ್ನೊಮ್ಮೆ ಓದ್ರಿ

ನಮಸ್ಕಾರ್ರಿ ಎಲ್ಲಾರಿಗೂ. ಬೋಯಿಂಕ್, ಫೋಲ್ಡಿಂಗ್ ಅಟ್ ಹೋಮ್ ಅಂದ್ರ ನಮ್ಮ ಪಿಸಿ ಶಕ್ತಿನ ಇಂಟರ್‌ನೆಟ್ ಮ್ಯಾಲೆ ವಿಜ್ಞಾನಿಗಳ ಲೆಕ್ಕಾಚಾರಕ್ಕ ಕೊಡೋ ಸಾಫ್ಟ್‌ವೇರ್. ಇವನ್ನ ಹಚ್ಚಾಕ ಯಾವ ಪಿಸಿ ತಗೋಬೇಕು ಅಂತ ಭಾಳ ಮಂದಿ ಕೇಳಾಕತ್ತೀರಿ, ನನ್ನ ಕೇಳಿದ್ರ ಇದಕ್ಕಂತನ ರೊಕ್ಕಾ ಹಾಕಬ್ಯಾಡ್ರಿ, ಮನ್ಯಾಗ ಇದ್ದದ್ರಾಗ ಸುರು ಮಾಡ್ರಿ.

ಮೊದ್ಲು ಪ್ರಾಜೆಕ್ಟ್ ಯಾವ್ದು ಅಂತ ಠರಾಸ್ರಿ. ಬೋಯಿಂಕ್‌ನ್ಯಾಗಿನ ಪ್ರೋಟೀನ್ ಸಂಶೋಧನೆ ಪ್ರಾಜೆಕ್ಟ್ ರೊಸೆಟ್ಟಾ ಅಟ್ ಹೋಮ್ ಓಡೋದು ಸಿಪಿಯು (ಪಿಸಿಯ ಮುಖ್ಯ ಪ್ರೊಸೆಸರ್) ಮ್ಯಾಲೆ, ಅದಕ್ಕ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರ ಉಪಯೋಗಿಲ್ಲ, ಕೋರ್ (ಪ್ರೊಸೆಸರ್ ಒಳಗ ಲೆಕ್ಕಾ ಮಾಡೋ ಭಾಗ) ಜಾಸ್ತಿ ಬೇಕು, ರ‍್ಯಾಮೂ ಸಾಕಷ್ಟ ಬೇಕು. ಫೋಲ್ಡಿಂಗ್‌ದು ಉಲ್ಟಾ, ಅಲ್ಲಿ ಚಲೋ ಕಾರ್ಡ್ ಇದ್ರ ಕೆಲಸ ಭಾಳ ಲಗೂನ ಮುಗೀತೈತಿ.

ಖರೇ ಖರ್ಚು ಇರೋದು ಕರೆಂಟಿನ್ಯಾಗ. 100 ವ್ಯಾಟ್ ತಿನ್ನೋ ಪಿಸಿ ಹಗಲೂ ರಾತ್ರಿ ಓಡಿಸಿದ್ರ ದಿನಕ್ಕ 2.4 ಯುನಿಟ್, 30 ದಿನಕ್ಕ 72 ಯುನಿಟ್ ಆತು! ಅದಕ್ಕ ಹತ್ತು ಹದಿನೈದು ವರ್ಷದ ಹಳೇ ಡೆಸ್ಕ್‌ಟಾಪ್ ಯಾರರ ಪುಕ್ಕಟೆ ಕೊಟ್ರೂ ಬ್ಯಾಡ ಅನ್ರಿ, ಅಷ್ಟ ಕರೆಂಟಿನ್ಯಾಗ ಈಗಿನ ಪ್ರೊಸೆಸರ್ ಎಷ್ಟೋ ಪಟ್ಟು ಕೆಲಸ ಮಾಡತೈತಿ.

ಇನ್ನ ನಮ್ಮ ವಿಜಾಪುರದ ಬ್ಯಾಸಗಿ ನಿಮಗ ಗೊತ್ತ ಐತಿ, 40 ಡಿಗ್ರಿ ದಾಟಿದ ಮಧ್ಯಾಹ್ನ ಫುಲ್ ಲೋಡ್ ಹಾಕಬ್ಯಾಡ್ರಿ, ಬೋಯಿಂಕ್ ಸೆಟ್ಟಿಂಗ್‌ನ್ಯಾಗ ರಾತ್ರಿ ಟೈಮ್ ಅಷ್ಟ ಇಡ್ರಿ, ಅರ್ಧಾ ಕೋರ್ ಹಚ್ಚಿದ್ರೂ ನಡೀತೈತಿ. ಗ್ರಾಫಿಕ್ಸ್ ಕಾರ್ಡ್ ಇದ್ದೋರು ಪವರ್ ಲಿಮಿಟ್ (ಕಾರ್ಡ್ ತಿನ್ನೋ ಕರೆಂಟಿನ ಮಿತಿ) ಸ್ವಲ್ಪ ಇಳಿಸ್ರಿ, ಕೆಲಸ ಅಷ್ಟೇನ ಕಡಿಮಿ ಆಗಂಗಿಲ್ಲ ಆದ್ರ ಬಿಸಿ ಚಲೋತ್ನಂಗ ಇಳೀತೈತಿ. ಲ್ಯಾಪ್‌ಟಾಪ್ ಹಾಸಗಿ ಮ್ಯಾಲೆ ಇಟ್ಟ ಓಡಸಬ್ಯಾಡ್ರಿ, ಗಾಳಿ ಆಡಂಗಿಲ್ಲ. ಫ್ಯಾನಿನ ಧೂಳಾ ಎರಡ ತಿಂಗಳಿಗೊಮ್ಮೆ ತಗೀರಿ.

ಹೊಸಾದು ತಗೊಳ್ಳೋದ ಇದ್ರ ಪವರ್ ಸಪ್ಲೈದಾಗ ಮಾತ್ರ ಉಳಿಸಾಕ ಹೋಗಬ್ಯಾಡ್ರಿ, 80 ಪ್ಲಸ್ (ಕರೆಂಟ್ ಕಡಿಮಿ ಪೋಲು ಮಾಡತೈತಿ ಅನ್ನೋ ಗುರುತು) ಅಂತ ಬರೆದದ್ದ ನೋಡಿ ತಗೋರಿ.