ಸಿಸ್ಟಮ್ಯಾಟಿಕ್ ರಿವ್ಯೂ ಮಾಡ್ತೀರಾ? ಮೊದ್ಲು ಲೈಬ್ರರಿಯನ್ ಹತ್ರ ಹೋಗಿ

ಥೀಸಿಸ್‌ಗೋ ಪೇಪರ್‌ಗೋ ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆ ಮೇಲೆ ಬಂದಿರೋ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ಒಟ್ಟಿಗೆ ನೋಡೋದು) ಮಾಡಿ ಅಂತ ಗೈಡ್ ಹೇಳಿದ ತಕ್ಷಣ ಪಬ್‌ಮೆಡ್ (ವೈದ್ಯಕೀಯ ಪೇಪರ್ ಹುಡುಕೋ ಸೈಟ್) ಓಪನ್ ಮಾಡಿ ಕೂರಬೇಡಿ, ಮೊದ್ಲು ಕಾಲೇಜ್ ಲೈಬ್ರರಿಯನ್ ಹತ್ರ ಹೋಗಿ. ಎಲ್ಲಾ ಮುಗಿದ್ಮೇಲೆ "ಸ್ವಲ್ಪ ನೋಡಿ ಮೇಡಂ" ಅಂದ್ರೆ ಕಷ್ಟ.

ಪ್ರಶ್ನೆನ ಪಿಕೊ ರೀತಿ ಬರ್ಕೊಂಡು ಹೋಗಿ: ಯಾವ ರೋಗಿಗಳು, ಯಾವ ಚಿಕಿತ್ಸೆ, ಯಾವುದರ ಜೊತೆ ಹೋಲಿಕೆ, ಏನು ಫಲಿತಾಂಶ. ಜೊತೆಗೆ ರಿವ್ಯೂಲಿ ಇರಲೇಬೇಕು ಅನ್ನೋ ನಾಲ್ಕೈದು ಪೇಪರ್ ಒಯ್ಯಿರಿ, ಸರ್ಚ್ ಮಾಡಿದಾಗ ಅವೇ ಬರ್ಲಿಲ್ಲ ಅಂದ್ರೆ ಸರ್ಚ್ ಸರಿ ಇಲ್ಲ ಅಂತ ಅಲ್ಲೇ ಗೊತ್ತಾಗುತ್ತೆ.

ಉದಾಹರಣೆಗೆ ಗರ್ಭಿಣಿಯರ ರಕ್ತಹೀನತೆಗೆ ಐರನ್ ಇಂಜೆಕ್ಷನ್ನೋ ಮಾತ್ರೆನೋ ಅನ್ನೋ ಪ್ರಶ್ನೆ ಇಟ್ಕೊಳ್ಳಿ. ಅನೀಮಿಯಾ ಅನ್ನೋದನ್ನ ಬ್ರಿಟಿಷ್ ಸ್ಪೆಲ್ಲಿಂಗಲ್ಲಿ ಒಂದು 'ಎ' ಜಾಸ್ತಿ ಹಾಕಿ ಬರೀತಾರೆ, ಅಮೆರಿಕದವ್ರು ಅದನ್ನ ಬಿಡ್ತಾರೆ, ಟೈಟಲ್ ಮತ್ತೆ ಅಬ್‌ಸ್ಟ್ರಾಕ್ಟಲ್ಲಿ ಮಾತ್ರ ಹುಡುಕುವಾಗ ಎರಡನ್ನೂ ಮಧ್ಯೆ 'ಆರ್' (OR, ಅಂದ್ರೆ 'ಅಥವಾ') ಹಾಕಿ ಕೊಡ್ಲಿಲ್ಲ ಅಂದ್ರೆ ಎಷ್ಟೋ ಪೇಪರ್ ಕೈತಪ್ಪುತ್ತೆ. ಮೆಶ್ ಪದಾನೂ (ಪಬ್‌ಮೆಡಲ್ಲಿ ಪೇಪರ್‌ಗೆ ವಿಷಯದ ಪ್ರಕಾರ ಹಚ್ಚೋ ನಿಗದಿತ ಪದ) ಸೇರಿಸ್ಬೇಕು. ಎಂಬೇಸ್ ಅನ್ನೋ ಇನ್ನೊಂದು ಡೇಟಾಬೇಸಲ್ಲಿ ಎಮ್‌ಟ್ರೀ ಅಂತ ಬೇರೇನೇ ಪದಪಟ್ಟಿ ಇದೆ, ಹಂಗಾಗಿ ಪಬ್‌ಮೆಡ್ ಸರ್ಚ್‌ನ ಹಂಗೇ ಕಾಪಿ ಪೇಸ್ಟ್ ಮಾಡೋಕಾಗಲ್ಲ, ಒಳ್ಳೆ ಲೈಬ್ರರಿಯನ್ ಬೆಲೆ ತಿಳಿಯೋದೇ ಇಲ್ಲಿ.

ಪ್ರಾಸ್ಪೆರೋ (ರಿವ್ಯೂ ಪ್ಲಾನ್‌ನ ಮೊದ್ಲೇ ದಾಖಲಿಸೋ ಆನ್‌ಲೈನ್ ರಿಜಿಸ್ಟರ್) ರಿಜಿಸ್ಟ್ರೇಶನ್‌ನ ಸ್ಕ್ರೀನಿಂಗ್‌ಗೆ, ಅಂದ್ರೆ ಸಿಕ್ಕ ಪೇಪರ್‌ಗಳಲ್ಲಿ ಬೇಕಾದವನ್ನ ಆರಿಸೋಕೆ, ಮೊದ್ಲೇ ಮುಗಿಸಿ. ಡೂಪ್ಲಿಕೇಟ್ ತೆಗೆಯೋಕೆ ಪೇಪರ್‌ಗಳ ಪಟ್ಟಿ ಇಟ್ಕೊಳ್ಳೋ ಸಾಫ್ಟ್‌ವೇರ್ ಝೊಟೆರೋ ಸಾಕು. ಯಾವ ಡೇಟಾಬೇಸಲ್ಲಿ ಯಾವತ್ತು ಹುಡುಕಿದ್ರಿ, ಎಷ್ಟು ಸಿಕ್ತು, ಪೂರ್ತಿ ಸರ್ಚ್ ಲೈನ್ ಏನು, ಆವತ್ತೇ ಸೇವ್ ಮಾಡಿ, ರಿವ್ಯೂ ವರದಿಲಿ ಏನೇನಿರ್ಬೇಕು ಅಂತ ಹೇಳೋ ಪ್ರಿಸ್ಮಾ 2020 ಚೆಕ್‌ಲಿಸ್ಟ್ ಇದನ್ನೆಲ್ಲ ಕೇಳುತ್ತೆ.

ಲೈಬ್ರರಿಯನ್ ಸರ್ಚ್ ಪೂರ್ತಿ ಕಟ್ಟಿ, ಮೆಥಡ್ಸ್ ಭಾಗಾನೂ ಬರೆದುಕೊಟ್ರೆ ಅವರನ್ನ ಆಥರ್ ಆಗಿ ಸೇರಿಸ್ಕೊಳ್ಳಿ, ಬರೀ ಥ್ಯಾಂಕ್ಸ್ ಹೇಳಿ ಮುಗಿಸೋದು ಅನ್ಯಾಯ. ಈ ಮಾತು ಶುರುವಲ್ಲೇ ಆಡ್ಕೊಳ್ಳಿ.