ಮ್ಯಾಪ್‌ನಲ್ಲಿ ನೆಟ್ಟಗಿನ ದಾರಿ ಹಿಡಿಯುವುದು ಹೇಗೆ?

ಶಿವಮೊಗ್ಗದಿಂದ ಕೊಲ್ಲೂರಿಗೆ ಹೊರಟ ಕಾರು ಯಾವುದೋ ಅಡಿಕೆ ತೋಟದ ಗೇಟಿನ ಮುಂದೆ ನಿಂತು ರಿವರ್ಸ್ ತೆಗೆಯುವುದು ಹೊಸನಗರದ ಕಡೆಯವರಿಗೆ ಹೊಸದೇನಲ್ಲ. ಮ್ಯಾಪ್ ತೋರಿಸಿದ ಮೊದಲ ನೀಲಿ ಗೆರೆಯನ್ನೇ ನಂಬಿ ‘ಸ್ಟಾರ್ಟ್’ ಒತ್ತಿದರೆ ಹೀಗಾಗುತ್ತದೆ. ಮ್ಯಾಪ್ ಮುಖ್ಯವಾಗಿ ನೋಡುವುದು ಸಮಯವನ್ನು. ಎರಡು ನಿಮಿಷ ಉಳಿಯುವುದಾದರೆ ಹೆದ್ದಾರಿ ಬಿಡಿಸಿ ಒಳರಸ್ತೆಗೆ ಇಳಿಸಿಬಿಡುತ್ತದೆ. ಅಲ್ಲಿ ಕವಲು ಎಷ್ಟಿವೆ, ಎದುರಿಗೆ ಜೀಪು ಬಂದರೆ ಬದಿಗೆ ಸರಿಯಲು ಜಾಗವಿದೆಯೇ ಎಂಬುದು ಆ ಲೆಕ್ಕದಲ್ಲಿ ಸರಿಯಾಗಿ ಬರುವುದಿಲ್ಲ. ಆ ಕೆಲಸ ನಾವೇ ಮಾಡಬೇಕು.

ಮೊದಲು ಗೂಗಲ್ ಮ್ಯಾಪ್ಸ್ ಸೆಟ್ಟಿಂಗ್ ಸರಿಮಾಡಿ. ವಾಹನ ಕಾರು ಎಂದಿರಲಿ. ಬೈಕಿನ ಚಿಹ್ನೆ ಆಯ್ಕೆಯಾಗಿದ್ದರೆ ಕಾರು ಹಿಡಿಸದ ದಾರಿಯನ್ನೂ ತೋರಿಸೀತು. ಲಾರಿ ಕಾಟ ಬೇಡವೆಂದು ಹಲವರು ‘ಅವಾಯ್ಡ್ ಹೈವೇಸ್’ ಒತ್ತಿಟ್ಟು ಮರೆತಿರುತ್ತಾರೆ. ಮಲೆನಾಡಿನಲ್ಲಿ ಇದಕ್ಕಿಂತ ಕೆಟ್ಟ ಆಯ್ಕೆ ಇನ್ನೊಂದಿಲ್ಲ, ತೆಗೆದುಬಿಡಿ. ಇಂಧನ ಉಳಿಸುವ ದಾರಿಗೆ ಆದ್ಯತೆ ಕೊಡುವ ಆಯ್ಕೆಯನ್ನೂ ಆಫ್ ಮಾಡಿ.

ಆಮೇಲೆ ಬೂದು ಬಣ್ಣದ ಪರ್ಯಾಯ ದಾರಿಗಳನ್ನು ಒಂದೊಂದಾಗಿ ಒತ್ತಿ, ತಿರುವುಗಳ ಪಟ್ಟಿ ತೆರೆದು ನೋಡಿ. ವ್ಯತ್ಯಾಸ ಹದಿನೈದು ನಿಮಿಷದೊಳಗಿದ್ದರೆ ತಿರುವು ಕಡಿಮೆ ಇರುವುದನ್ನೇ ಹಿಡಿಯಿರಿ. ಅನುಮಾನ ಬಂದರೆ ಬಸ್ಸು ಓಡುವ ದಾರಿ ಯಾವುದೆಂದು ಕೇಳಿ. ಅದೇ ಸರಿಯಾದ ದಾರಿ.

ಜನ ಎಡವುವುದು ಮುಂದಿನ ಹಂತದಲ್ಲಿ. ದಾರಿ ಆರಿಸಿದ ಮಾತ್ರಕ್ಕೆ ಮ್ಯಾಪ್ ಅದಕ್ಕೇ ಅಂಟಿಕೊಂಡಿರುವುದಿಲ್ಲ, ನಡುವೆ ‘ಬೇಗದ ದಾರಿ’ ಎಂದು ಬದಲಿಸಲು ನೋಡುತ್ತದೆ. ಅದನ್ನು ಕಟ್ಟಿಹಾಕಲು ‘ಆ್ಯಡ್ ಸ್ಟಾಪ್’ ಬಳಸಬೇಕು. ಕೊಲ್ಲೂರಿಗಾದರೆ ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ನಗರ (ಬಿದನೂರು) – ಈ ಊರುಗಳನ್ನು ದಾಟಿದ ಮೇಲೆ ಒಂದೊಂದು ನಿಲುಗಡೆ ಸಾಕು. ಆದರೆ ಊರಿನ ಹೆಸರು ಟೈಪ್ ಮಾಡಬೇಡಿ. ಹೆಸರು ಕೊಟ್ಟರೆ ಗುರುತು ಪೇಟೆಯ ನಡುವೆಯೋ ಪಕ್ಕದ ಓಣಿಯಲ್ಲೋ ಕೂರುತ್ತದೆ. ನೀವು ಮುಖ್ಯರಸ್ತೆಯಲ್ಲಿ ಮುಂದೆ ಹೋದರೂ ಆ ಜಾಗ ಮುಟ್ಟಿಲ್ಲವೆಂದು ‘ಯೂ ಟರ್ನ್ ಮಾಡಿ’ ಎನ್ನುತ್ತಲೇ ಇರುತ್ತದೆ. ಹೋಟೆಲು, ಪೆಟ್ರೋಲ್ ಬಂಕ್ ಕೂಡ ಬೇಡ, ಗುರುತು ಅವುಗಳ ಆವರಣದೊಳಗೆ ಬೀಳುತ್ತದೆ.

ಬದಲಿಗೆ ಊರು ದಾಟಿ ಒಂದೆರಡು ಕಿಲೋಮೀಟರ್ ಮುಂದೆ, ಎರಡು ಕವಲುಗಳ ನಡುವಿನ ಭಾಗ ಹುಡುಕಿ. ರಸ್ತೆಯ ಎರಡೂ ಅಂಚು ಬೇರೆಬೇರೆಯಾಗಿ ಕಾಣುವಷ್ಟು ಹಿಗ್ಗಿಸಿ, ರಸ್ತೆಯ ಮೇಲೇ ಬೆರಳೊತ್ತಿ ಹಿಡಿದು ಗುರುತು ಹಾಕಿ. ನಡುವೆ ಡಿವೈಡರ್ ಇದ್ದರೆ ನೀವು ಸಾಗುವ ಬದಿಯಲ್ಲೇ, ಅಂದರೆ ಎಡಕ್ಕೆ ಬೀಳಬೇಕು. ಬಲಕ್ಕೆ ಬಿದ್ದರೆ ಮುಂದೆ ಹೋಗಿ ತಿರುಗಿ ಬರಲು ಹೇಳುತ್ತದೆ. ಕೂಡುರಸ್ತೆಯ ಮೇಲಂತೂ ಗುರುತು ಇಡಲೇಬಾರದು. ಎಲ್ಲ ಹಾಕಿದ ಮೇಲೆ ನೀಲಿ ಗೆರೆಯನ್ನು ಕೊನೆತನಕ ಹಿಗ್ಗಿಸಿ ನೋಡಿ. ಎಲ್ಲಾದರೂ ಕವೆಗೋಲಿನಂತೆ ಚಿಕ್ಕ ಗೆರೆ ಹೊರಚಾಚಿ ಮರಳಿದ್ದರೆ ಆ ಗುರುತು ತಪ್ಪಾಗಿದೆ, ಅಳಿಸಿ ಮತ್ತೆ ಹಾಕಿ. ಒಂಬತ್ತು ನಿಲುಗಡೆವರೆಗೆ ಅವಕಾಶವಿದ್ದರೂ ನಾಲ್ಕಕ್ಕಿಂತ ಹೆಚ್ಚು ಬೇಡ. ನಿಲುಗಡೆ ಸೇರಿಸಿದರೆ ಪರ್ಯಾಯ ದಾರಿಗಳು ಕಾಣುವುದಿಲ್ಲ, ಆದ್ದರಿಂದ ಹೋಲಿಸುವ ಕೆಲಸ ಮೊದಲೇ ಮುಗಿದಿರಲಿ.

ಉಪಗ್ರಹ ಚಿತ್ರ ಇಲ್ಲಿ ಅಷ್ಟಾಗಿ ನೆರವಾಗದು. ಮರದ ನೆರಳಿನಡಿ ಟಾರೋ ಮಣ್ಣೋ ತಿಳಿಯುವುದಿಲ್ಲ. ಗೆರೆ ಹಳ್ಳ ದಾಟುವಲ್ಲಿ ಇರುವುದು ಸೇತುವೆಯೋ ಬರೀ ಕಾಲುಸಂಕವೋ ಎಂದೂ ಗೊತ್ತಾಗುವುದಿಲ್ಲ. ಸ್ಟ್ರೀಟ್ ವ್ಯೂ ಇರುವ ಕಡೆ ಅದನ್ನೇ ನೋಡಿ, ರಸ್ತೆಯ ಅಗಲ ಕಣ್ಣಿಗೆ ಕಾಣುತ್ತದೆ.

ನೆಟ್ಟಗಿನ ದಾರಿಯೆಲ್ಲ ಎಲ್ಲ ವಾಹನಕ್ಕೂ ಅಲ್ಲ. ಉಡುಪಿಗೆ ತೀರ್ಥಹಳ್ಳಿ, ಆಗುಂಬೆ ಮೂಲಕ ಹೋಗುವುದು ಕಾರಿಗೆ ಸರಿ, ಆದರೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಭಾರಿ ವಾಹನಕ್ಕೆ ಅವಕಾಶವಿಲ್ಲ. ಗೂಗಲ್‌ನಲ್ಲಿ ಲಾರಿಗೆಂದು ಬೇರೆ ಆಯ್ಕೆಯೇ ಇಲ್ಲ. ಮಳೆಗಾಲದಲ್ಲಿ ಧರೆ ಕುಸಿದು ದಾರಿ ಮುಚ್ಚುವುದುಂಟು, ಹೊರಡುವ ದಿನ ಜಿಲ್ಲಾಧಿಕಾರಿಗಳ ಆದೇಶ ನೋಡಿಕೊಳ್ಳಿ. ಕೊಡಚಾದ್ರಿಯ ಜೀಪ್ ದಾರಿಯೂ ಮ್ಯಾಪಿನಲ್ಲಿ ರಸ್ತೆಯಂತೆಯೇ ಕಾಣುತ್ತದೆ, ಅಲ್ಲಿಗೆ ಸ್ವಂತ ಕಾರು ಹತ್ತಿಸಬೇಡಿ. ಸಿಗಂದೂರಿಗೆ ಹೋಗುವವರು ಹಳೆಯ ಆಫ್‌ಲೈನ್ ಮ್ಯಾಪ್ ಅಳಿಸಿ ಹೊಸದು ಇಳಿಸಿಕೊಳ್ಳಿ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ, ಅದಕ್ಕೂ ಹಿಂದಿನ ಮ್ಯಾಪ್ ಶರಾವತಿ ಹಿನ್ನೀರು ದಾಟಿಸುತ್ತಿದ್ದ ಲಾಂಚಿಗೇ ಕಳಿಸುತ್ತದೆ.

ಮಣ್ಣುರಸ್ತೆ ಬೇಡವೇ ಬೇಡ ಎನ್ನುವವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪ್ ಒಳ್ಳೆಯದು. ಟಾರಿಲ್ಲದ ರಸ್ತೆ ತಪ್ಪಿಸುವ ಆಯ್ಕೆ ಅದರಲ್ಲಿದೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಆದರೆ ಟಾರಿಲ್ಲವೆಂದು ಯಾರಾದರೂ ಗುರುತಿಸಿಟ್ಟ ರಸ್ತೆಯನ್ನಷ್ಟೇ ಅದು ಬಿಡುತ್ತದೆ.

ಕೊಲ್ಲೂರು ದಾರಿಯಲ್ಲಿ ಬಿದನೂರು ನಗರದಿಂದಾಚೆ ಕಾಡಿನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ, ಮುಖ್ಯ ತಿರುವುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಆಯನೂರಿನಲ್ಲಿ ಎಡಕ್ಕೆ, ರಿಪ್ಪನ್‌ಪೇಟೆಯಿಂದ ಹೊಸನಗರ ರಸ್ತೆ, ನಗರದಿಂದ ನಿಟ್ಟೂರು ರಸ್ತೆ. ಚೀಟಿಯನ್ನು ಪಕ್ಕದಲ್ಲಿ ಕೂತವರ ಕೈಗೆ ಕೊಡಿ.