ಡ್ರೈಯರ್‌ನಲ್ಲಿ ಕರಗಿದ ಕ್ರೇಯಾನ್: ಮಕ್ಕಳ ಬಟ್ಟೆಯ ಕಲೆ ತೆಗೆಯುವ ನನ್ನ ಕ್ರಮ

ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳ, ಮಳೆ ಹಿಡಿದ ಮೇಲೆ ಕೊಡಗಿನ ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಬಟ್ಟೆ ತಾನಾಗಿ ಒಣಗುವ ಮಾತೇ ಇಲ್ಲ. ಹೋಂಸ್ಟೇಗಳಲ್ಲೂ ಚಿಕ್ಕ ಮಕ್ಕಳಿರುವ ಮನೆಗಳಲ್ಲೂ ಬಿಸಿಗಾಳಿಯ ಡ್ರೈಯರ್ ಬೇಕಾಗುವುದು ಅದಕ್ಕೇ. ಇಲ್ಲದವರು ಅಡುಗೆ ಒಲೆಯ ಮೇಲಿನ ಹಗ್ಗಕ್ಕೋ ಬಚ್ಚಲ ಹಂಡೆಯ ಹತ್ತಿರಕ್ಕೋ ಹಾಕುತ್ತಾರೆ. ಚಡ್ಡಿಯ ಜೇಬಿನಲ್ಲಿ ಒಂದು ತುಂಡು ಕ್ರೇಯಾನ್ ಉಳಿದಿದ್ದರೆ ಹಗ್ಗದ ಮೇಲೆ ಕೆಡುವುದು ಆ ಒಂದು ಚಡ್ಡಿ. ಡ್ರೈಯರ್‌ನಲ್ಲಿ ಹಾಗಲ್ಲ, ಒಳಗಿದ್ದ ಎಲ್ಲ ಬಟ್ಟೆಗೂ ಚುಕ್ಕೆ ಚುಕ್ಕೆಯಾಗಿ ಹತ್ತುತ್ತದೆ. ಸೆಮಿ ಆಟೋಮ್ಯಾಟಿಕ್ ಮೆಷಿನ್‌ನಲ್ಲಿ ನಾವು ಡ್ರೈಯರ್ ಎಂದು ಕರೆಯುವ ಪಕ್ಕದ ತೊಟ್ಟಿ ಬರೀ ತಿರುಗುತ್ತದೆ, ಬಿಸಿ ಮಾಡುವುದಿಲ್ಲ. ಅದರಲ್ಲಿ ಕ್ರೇಯಾನ್ ಪುಡಿಯಾಗಬಹುದು, ಕರಗುವುದಿಲ್ಲ. ಕೊಡವಿ ತೊಳೆದರೆ ಸಾಕು.

ಸಾಮಾನ್ಯ ಕ್ರೇಯಾನ್ ಎಂದರೆ ಪ್ಯಾರಾಫಿನ್ ಮೇಣ, ಸ್ವಲ್ಪ ಸ್ಟಿಯರಿಕ್ ಆಮ್ಲ, ಜೊತೆಗೆ ಬಣ್ಣದ ಪುಡಿ. ಐವತ್ತು ಡಿಗ್ರಿ ದಾಟುತ್ತಿದ್ದಂತೆ ಮೇಣ ನೀರಾಗುತ್ತದೆ. ಡ್ರೈಯರ್ ಒಳಗೆ 60 ಡಿಗ್ರಿ ಮುಟ್ಟುವುದು ಮಾಮೂಲಿ. ಅಂದರೆ ಬಟ್ಟೆಯ ಮೇಲಿರುವುದು ಒಂದು ಕಲೆಯಲ್ಲ, ಎರಡು: ಮೇಣದ್ದೊಂದು, ಬಣ್ಣದ್ದೊಂದು. ಮೇಣ ಇರುವವರೆಗೆ ಸೋಪು ಬಣ್ಣವನ್ನು ಮುಟ್ಟುವುದೇ ಇಲ್ಲ. ಮೇಣ ತೆಗೆಯಲು ಬಿಸಿ ಬೇಕು, ಆದರೆ ಅದೇ ಬಿಸಿ ಬಣ್ಣವನ್ನು ನೂಲಿನೊಳಕ್ಕೂ ಇಳಿಸುತ್ತದೆ. ಹಾಗಾಗಿ ನಾನು ಬಿಡದೆ ಪಾಲಿಸುವುದು ಒಂದೇ: ಬಿಸಿ ಕೊಡುವಾಗ ಕರಗಿದ ಮೇಣ ಹೋಗಿ ಸೇರಲು ಬೇರೆ ಜಾಗ ಇರಬೇಕು. ಅದು ಕಾಗದವಾಗಲಿ, ಧಾರಾಳ ಸೋಪು ನೀರಾಗಲಿ. ಜಾಗವಿಲ್ಲದ ಬಿಸಿ, ಅಂದರೆ ಇನ್ನೊಮ್ಮೆ ಡ್ರೈಯರ್ ಅಥವಾ ಬರೀ ಇಸ್ತ್ರಿ, ಕಲೆಯನ್ನು ಗಟ್ಟಿ ಮಾಡುತ್ತದೆ ಅಷ್ಟೇ.

ಮೊದಲು ಕ್ರೇಯಾನ್ ಯಾವ ಜಾತಿಯದು ನೋಡಿ. ಡಬ್ಬಿಯ ಮೇಲೆ 'ವಾಷಬಲ್' ಎಂದಿದ್ದರೆ ಅರ್ಧ ಕಷ್ಟ ಕಳೆದಂತೆ, ಸಾಮಾನ್ಯವಾಗಿ ಸೋಪಿನ ನೀರಿಗೇ ಬಿಡುತ್ತದೆ. ಪ್ಲಾಸ್ಟಿಕ್ ಕ್ರೇಯಾನ್ ಸುಲಭಕ್ಕೆ ಕರಗುವುದಿಲ್ಲ, ಹತ್ತಿದ್ದನ್ನು ಉಗುರಿನಲ್ಲಿ ಎಬ್ಬಿಸಬಹುದು. ಕಷ್ಟ ಕೊಡುವುದು ಆಯಿಲ್ ಪೇಸ್ಟಲ್. ಅದರಲ್ಲಿ ಒಣಗದ ಎಣ್ಣೆ ಇದೆ, ಬಣ್ಣದ ಪುಡಿಯೂ ಹೆಚ್ಚು. ಅದಕ್ಕೆ ಇಸ್ತ್ರಿ ತೋರಿಸಲೇಬೇಡಿ, ನೇರವಾಗಿ ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ಹೋಗಿ.

ಮೇಲೆ ದಪ್ಪಗೆ ನಿಂತ ಮೇಣವನ್ನು ಚಮಚದ ಅಂಚಿನಿಂದಲೋ ಮೊಂಡು ಚಾಕುವಿನಿಂದಲೋ ಕೆರೆದು ತೆಗೆಯಬೇಕು. ಐಸ್ ಹಚ್ಚಿ, ಫ್ರೀಜರ್‌ನಲ್ಲಿಡಿ ಎಂದು ಎಲ್ಲರೂ ಹೇಳುತ್ತಾರೆ. ಜುಲೈಯ ಮಡಿಕೇರಿಯಲ್ಲಿ ಅದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ, ಮನೆಯೊಳಗಿನ ಚಳಿಗೇ ಮೇಣ ಗಡುಸಾಗಿರುತ್ತದೆ. ಏಪ್ರಿಲ್‌ನಲ್ಲಿ, ಅದರಲ್ಲೂ ಕುಶಾಲನಗರದ ಕಡೆ, ಅರ್ಧ ಗಂಟೆ ಫ್ರೀಜರ್ ಬೇಕು. ಕೆರೆಯುವಾಗ ಅಂಚಿನಿಂದ ನಡುವಿಗೆ ಬನ್ನಿ. ಉದುರಿದ ಪುಡಿಯನ್ನು ಕೈಯಲ್ಲಿ ಒರೆಸದೆ ಕೊಡವಿಬಿಡಿ, ಬೆರಳಿನ ಬಿಸಿಗೇ ಅದು ಮತ್ತೆ ಮೆತ್ತಿಕೊಳ್ಳುತ್ತದೆ.

ಕಲೆ ಒಂದೆರಡು ಕಡೆ ಮಾತ್ರ ಇದ್ದರೆ ಇಸ್ತ್ರಿ ಸಾಕು. ಕೆಳಗೆ ನಾಲ್ಕು ಮಡಿಕೆ ಹಳೇ ಬಿಳಿ ಪಂಚೆಯ ತುಂಡು, ಅದರ ಮೇಲೆ ಕಲೆ ಕೆಳಮುಖವಾಗಿ ಬಟ್ಟೆ, ಮೇಲೆ ಒಂದು ಹಾಳೆ ಟಿಶ್ಯೂ ಅಥವಾ ಬರೆಯದ ಒರಟು ಕಾಗದ. ನ್ಯೂಸ್‌ಪೇಪರ್ ಬೇಡ, ಶಾಯಿ ಬಿಡುತ್ತದೆ. ಎಡವುವುದು ಶಾಖದಲ್ಲಿ. ಕಾಟನ್ ಬಟ್ಟೆ ಎಂದು ಮೂರು ಚುಕ್ಕೆಗೆ ತಿರುಗಿಸುತ್ತಾರೆ, ಅದು 200 ಡಿಗ್ರಿಯವರೆಗಿನ ಗುರುತು. ಮೇಣಕ್ಕೆ ಅಷ್ಟು ಬೇಕಿಲ್ಲ. ಒಂದು ಚುಕ್ಕೆ, ಅಂದರೆ 110 ಡಿಗ್ರಿಯೊಳಗೆ, ಸಾಕೋ ಸಾಕು. ಸ್ಟೀಮ್ ಬಂದ್ ಮಾಡಿ, ಉಜ್ಜದೆ ಐದಾರು ಸೆಕೆಂಡು ಒತ್ತಿ ಎತ್ತಿ. ಪ್ರತಿ ಸಲವೂ ಪಂಚೆಯ ಹೊಸ ಜಾಗಕ್ಕೆ ಸರಿಸಿ. ಸರಿಸದಿದ್ದರೆ ಹೀರಿಕೊಂಡ ಮೇಣವನ್ನೇ ಬಟ್ಟೆಗೆ ವಾಪಸು ಕೊಟ್ಟಂತಾಗುತ್ತದೆ. ಪಂಚೆಯಲ್ಲಿ ಗುರುತು ಬೀಳುವುದು ನಿಂತಾಗ ನಿಲ್ಲಿಸಿ. ಕಡುನೀಲಿ, ಕಪ್ಪು, ಕೆಂಪು ಕ್ರೇಯಾನ್‌ಗಳ ಕಲೆಗೆ ನಾನು ಇಸ್ತ್ರಿ ಬಳಸುವುದೇ ಇಲ್ಲ, ಬಣ್ಣ ಅಗಲಕ್ಕೆ ಹರಡಿಕೊಳ್ಳುತ್ತದೆ.

ಇಂಥವಕ್ಕೆ ಪೇಂಟ್ ಅಂಗಡಿಯ ಟರ್ಪೆಂಟೈನ್, ಇಲ್ಲವೇ ತುಕ್ಕು ಬಿಡಿಸಲು ಹೊಡೆಯುವ ಡಬ್ಲ್ಯೂಡಿ-40. ಥಿನ್ನರ್ ತರಬೇಡಿ, ಅದು ಬಟ್ಟೆಯ ಬಣ್ಣವನ್ನೂ ಕೆಲವು ಸಿಂಥೆಟಿಕ್ ನೂಲನ್ನೂ ಹಾಳು ಮಾಡುತ್ತದೆ. ಒಳಹೊಲಿಗೆಯಲ್ಲಿ ಒಂದು ತೊಟ್ಟು ಹಾಕಿ ಪರೀಕ್ಷಿಸಿ. ಆಮೇಲೆ ಕಲೆಯ ಹಿಂಬದಿಯಿಂದ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬಿಳಿ ಬಟ್ಟೆಯಿಂದ ಒತ್ತಿ ತೆಗೆಯಿರಿ. ಮೇಲೆ ಪಾತ್ರೆ ಲಿಕ್ವಿಡ್ ಹಾಕಿ ಹಳೇ ಟೂತ್‌ಬ್ರಷ್‌ನಿಂದ ಎರಡು ನಿಮಿಷ ಉಜ್ಜಿ ತೊಳೆಯಿರಿ. ಟರ್ಪೆಂಟೈನ್‌ನ ಎಣ್ಣೆಯೂ ಹೋಗಬೇಕಲ್ಲ. ಇದನ್ನು ಬಚ್ಚಲಲ್ಲಿ ಮಾಡುವ ಯೋಚನೆ ಬೇಡ. ನಮ್ಮಲ್ಲಿ ಹೆಚ್ಚಿನ ಬಚ್ಚಲುಗಳಲ್ಲಿ ಹಂಡೆಯ ಕೆಳಗೆ ಸೌದೆ ಉರಿಯುತ್ತಿರುತ್ತದೆ. ಜಗಲಿಯಲ್ಲೇ ಮಾಡಿ. ವಾಸನೆ ಪೂರ್ತಿ ಹೋಗುವವರೆಗೆ ಆ ಬಟ್ಟೆ ಡ್ರೈಯರ್ ಹತ್ತಿರವೂ ಸುಳಿಯಬಾರದು, ಬೆಂಕಿ ಹತ್ತುವ ಅಪಾಯ ನಿಜವಾದದ್ದು.

ಇಡೀ ಲೋಡ್ ಕೆಟ್ಟಿದ್ದರೆ ಒಂದೊಂದೇ ಚುಕ್ಕೆ ಹಿಡಿದು ಕೂರುವುದು ಆಗದ ಕೆಲಸ. ಆಗ ಬಕೆಟ್. ನೀರು 60 ಡಿಗ್ರಿಗಿಂತ ಮೇಲಿರಬೇಕು. ಥರ್ಮಾಮೀಟರ್ ಇಲ್ಲದವರಿಗೆ ಒಂದು ಲೆಕ್ಕ: ಮಡಿಕೇರಿಯ ಎತ್ತರದಲ್ಲಿ ನೀರು ಕುದಿಯುವುದೇ 96 ಡಿಗ್ರಿಯ ಆಸುಪಾಸಿನಲ್ಲಿ. ಆರು ಲೀಟರ್ ಕುದಿಯುವ ನೀರಿಗೆ ನಾಲ್ಕು ಲೀಟರ್ ನಲ್ಲಿ ನೀರು ಬೆರೆಸಿದರೆ 65ರ ಹತ್ತಿರ ಬರುತ್ತದೆ. ಈ ಹತ್ತು ಲೀಟರ್‌ಗೆ ಮೂರು ದೊಡ್ಡ ಚಮಚ ವಾಷಿಂಗ್ ಸೋಡಾ, ಅಷ್ಟೇ ಡಿಟರ್ಜೆಂಟ್ ಪುಡಿ, ಒಂದು ಚಮಚ ಪಾತ್ರೆ ಲಿಕ್ವಿಡ್. ಅಡುಗೆ ಸೋಡಾ ಹಾಕಿದರೆ ಅಷ್ಟು ಕೆಲಸ ಆಗುವುದಿಲ್ಲ, ಅದರ ಕ್ಷಾರ ಸಾಲದು. ವಾಷಿಂಗ್ ಸೋಡಾ ಕ್ರೇಯಾನ್‌ನಲ್ಲಿರುವ ಸ್ಟಿಯರಿಕ್ ಆಮ್ಲದ ಜೊತೆ ಸೇರಿ ಅಲ್ಲೇ ಸೋಪಾಗುತ್ತದೆ, ಆ ಸೋಪು ಪ್ಯಾರಾಫಿನ್ ಅನ್ನು ಹನಿಹನಿಯಾಗಿ ಒಡೆದು ನೀರಿನಲ್ಲಿ ತೇಲಿಸುತ್ತದೆ. ಪ್ಯಾರಾಫಿನ್ ತಾನು ಸೋಪಾಗುವುದಿಲ್ಲ, ಅದಕ್ಕೇ ಬರೀ ಸೋಡಾ ಸಾಲದೆ ಡಿಟರ್ಜೆಂಟೂ ಬೇಕು.

ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ಮುಳುಗಿಸಿ, ಕೋಲಿನಿಂದ ಆಗಾಗ ತಿರುಗಿಸುತ್ತ ಹತ್ತು ನಿಮಿಷ. ಅದಕ್ಕಿಂತ ಹೆಚ್ಚು ಬೇಡ, ಏಕೆಂದರೆ ಚಳಿಯಲ್ಲಿ ಬಕೆಟ್ ನೀರು ಬೇಗ ಆರುತ್ತದೆ. 50ಕ್ಕಿಂತ ಕೆಳಗಿಳಿದರೆ ತೇಲುತ್ತಿದ್ದ ಮೇಣ ಮತ್ತೆ ಬಟ್ಟೆಗೇ ಕೂರುತ್ತದೆ. ರಾತ್ರಿಯಿಡೀ ನೆನೆಹಾಕಿ ಬೆಳಗ್ಗೆ ನೋಡೋಣ ಎನ್ನುವವರ ಬಟ್ಟೆ ಕೆಡುವುದು ಹೀಗೆ. ಎತ್ತುವ ಮೊದಲು ನೀರಿನ ಮೇಲೆ ಒಂದು ಹಾಳೆ ಕಾಗದ ಹಾಸಿ ತೆಗೆಯಿರಿ, ಮೇಲೆ ನಿಂತ ಮೇಣದ ಪೊರೆ ಅದಕ್ಕೆ ಹತ್ತಿಕೊಂಡು ಬರುತ್ತದೆ. ಎರಡು ಮೂರು ಹಾಳೆ ಬೇಕಾದೀತು. ಈ ಪೊರೆ ತೆಗೆಯದೆ ಬಟ್ಟೆ ಎತ್ತಿದರೆ ಅದರ ಮೂಲಕವೇ ಎಳೆದಂತಾಗಿ ಎಲ್ಲ ಕೆಲಸ ವ್ಯರ್ಥ. ಇಕ್ಕಳದಿಂದ ಹಿಡಿದು ಎತ್ತಿ ಇನ್ನೊಂದು ಬಕೆಟ್ ಬಿಸಿ ನೀರಿಗೇ ಹಾಕಿ, ತಣ್ಣೀರಿಗಲ್ಲ. ಅದರಲ್ಲಿ ಜಾಲಿಸಿದ ಮೇಲೆ ಮಾಮೂಲಿ ವಾಷಿಂಗ್. ಕೊಳೆನೀರನ್ನು ಬಚ್ಚಲ ಮೋರಿಗೆ ಸುರಿದರೆ ಪೈಪಿನೊಳಗೆ ಮೇಣ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಿಸಿಯಿರುವಾಗಲೇ ಅಂಗಳದಾಚೆ ಜಲ್ಲಿಕಲ್ಲಿನ ಮೇಲೆ ಚೆಲ್ಲಿ. ಸೋಡಾ ಇರುವುದರಿಂದ ಕಾಫಿ ಗಿಡದ ಬುಡಕ್ಕೆ ಬೇಡ.

ಫ್ರಂಟ್ ಲೋಡ್ ಮೆಷಿನ್‌ನಲ್ಲಿ 60 ಡಿಗ್ರಿಯ ವಾಷ್ ಇದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ನೀರು ಕಡಿಮೆ, ಜಾಲಿಸುವುದು ತಣ್ಣೀರಿನಲ್ಲಿ. ಹೆಚ್ಚಿನ ಮೇಣವೆಲ್ಲ ಬಕೆಟ್‌ನಲ್ಲಿ ಹೋದ ಮೇಲೆ ಮೆಷಿನ್, ಮೊದಲಲ್ಲ. ವಾಷ್ ಮುಗಿದ ಮೇಲೆ ಬಾಗಿಲಿನ ರಬ್ಬರ್ ಮಡಿಕೆ ಒರೆಸಿ, ಕೆಳಗಿನ ಫಿಲ್ಟರ್ ಬಿಚ್ಚಿ ನೋಡಿ.

ಮೇಣ ಪೂರ್ತಿ ಹೋಯಿತೇ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಬಟ್ಟೆ ಫ್ಯಾನಿನ ಗಾಳಿಗೆ ಒಣಗಲಿ, ಕಲೆ ಇದ್ದ ಕಡೆ ಒಂದು ಹನಿ ನೀರು ಬಿಡಿ. ಹೀರಿದರೆ ಮೇಣ ಹೋಗಿದೆ, ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಂತರೆ ಉಳಿದಿದೆ. ಈ ಪರೀಕ್ಷೆ ಕಾಟನ್‌ಗೆ ಚೆನ್ನಾಗಿ ನಡೆಯುತ್ತದೆ, ನೀರೇ ಹೀರದ ರೇನ್‌ಕೋಟಿಗೆ ಅರ್ಥವಿಲ್ಲ. ಗುಂಡಗೆ ನಿಂತರೆ ಬಕೆಟ್ ಇನ್ನೊಮ್ಮೆ.

ಮೇಣ ಹೋದ ಮೇಲೂ ಉಳಿಯುವ ತಿಳಿ ಬಣ್ಣಕ್ಕೆ ಬಿಳಿ ಕಾಟನ್ ಆದರೆ ಆಕ್ಸಿಜನ್ ಬ್ಲೀಚ್ ಪುಡಿ, ಪೊಟ್ಟಣದ ಮೇಲಿನ ಅಳತೆಯಲ್ಲಿ, ಬಿಸಿ ನೀರಿನಲ್ಲಿ ಕೆಲವು ಗಂಟೆ. ಈಗ ಮೇಣ ಇಲ್ಲದ್ದರಿಂದ ನೀರು ಆರಿದರೂ ಚಿಂತೆಯಿಲ್ಲ. ಆದರೆ ತುಂಬ ನಿರೀಕ್ಷೆ ಬೇಡ. ಕ್ರೇಯಾನ್‌ನಲ್ಲಿರುವುದು ಹೆಚ್ಚಾಗಿ ಕರಗದ ಬಣ್ಣದ ಪುಡಿ. ಕಪ್ಪು ಎಂದರೆ ಮಸಿ, ಕಂದು ಎಂದರೆ ಕಬ್ಬಿಣದ ಆಕ್ಸೈಡ್, ಇವೆರಡಕ್ಕೂ ಬ್ಲೀಚ್ ಏನೂ ಮಾಡಲಾರದು. ಲಿಕ್ವಿಡ್ ಹಚ್ಚಿ ಬ್ರಷ್‌ನಲ್ಲಿ ಉಜ್ಜುವುದೇ ದಾರಿ, ಎರಡು ಮೂರು ವಾಷ್‌ಗಳಲ್ಲಿ ಮಾಸುತ್ತದೆ. ಯೂನಿಫಾರ್ಮ್‌ಗೆ ಕ್ಲೋರಿನ್ ಬ್ಲೀಚ್ ಹಾಕಿದರೆ ಕಲೆ ಉಳಿದು ಬಟ್ಟೆಯ ಬಣ್ಣ ಹೋಗುತ್ತದೆ.

ಉಣ್ಣೆಯ ಸ್ವೆಟರ್‌ಗೆ ಬಿಸಿ ನೀರೂ ಬೇಡ, ಸೋಡಾವೂ ಬೇಡ. ಕೆರೆದು, ಒಂದು ಚುಕ್ಕೆಯಲ್ಲಿ ಪಂಚೆ ಮತ್ತು ಇಸ್ತ್ರಿ, ಆಮೇಲೆ ಅಂಟುವಾಳದ ತಣ್ಣನೆ ನೀರು. ರಬ್ಬರಿನಂಥ ಚಿತ್ರವಿರುವ ಟೀಶರ್ಟ್‌ಗೆ ಟರ್ಪೆಂಟೈನ್ ತಾಗಿಸಿದರೆ ಚಿತ್ರವೇ ಕರಗುತ್ತದೆ. ಮದುವೆಗೆಂದು ತೆಗೆದ ಮಗುವಿನ ಕುಪ್ಯ (ಕೊಡವರ ಉದ್ದನೆಯ ಅಂಗಿ) ಕಾಟನ್ನಿನದಾದರೆ ಒಳಮಡಿಕೆಯಲ್ಲಿ ಬಣ್ಣ ಬಿಡುವುದಿಲ್ಲವೆಂದು ನೋಡಿಕೊಂಡು ತೊಳೆಯಬಹುದು. ಅದರ ಮೇಲೆ ಸೊಂಟಕ್ಕೆ ಕಟ್ಟುವ ರೇಷ್ಮೆಯ ಚೇಲೆ ಮಾತ್ರ ಮನೆಯಲ್ಲಿ ಮುಟ್ಟದೆ ಡ್ರೈಕ್ಲೀನ್‌ಗೆ ಕೊಡಿ, ಕಲೆ ಏನೆಂದು ಅವರಿಗೆ ಹೇಳಿ.

ಬಟ್ಟೆಯೆಲ್ಲ ಸರಿಯಾದ ಮೇಲೂ ಡ್ರೈಯರ್‌ನ ಡ್ರಮ್ ಹಾಗೇ ಬಿಟ್ಟರೆ ಮುಂದಿನ ಲೋಡ್ ಮತ್ತೆ ಕೆಡುತ್ತದೆ. ಖಾಲಿ ಡ್ರೈಯರ್ ಐದು ನಿಮಿಷ ಓಡಿಸಿ, ಪ್ಲಗ್ ಕಿತ್ತು, ಡ್ರಮ್ ಬೆಚ್ಚಗಿರುವಾಗಲೇ ಪಾತ್ರೆ ಲಿಕ್ವಿಡ್ ಹಾಕಿದ ಒದ್ದೆ ಬಟ್ಟೆಯಿಂದ ಒರೆಸಿ. ಸ್ಟೀಲಿನ ತೂತುಗಳ ಅಂಚು, ಒಳಗಿನ ರೆಕ್ಕೆಗಳ ಬುಡ, ಬಾಗಿಲಿನ ಒಳಮೈ ಮರೆಯಬೇಡಿ, ಮೇಣ ಅಡಗುವುದು ಅಲ್ಲೇ. ಸ್ಟೀಲಿನ ನಾರು ಬಳಸಿದರೆ ಗೀರು ಬಿದ್ದು ಮುಂದೆ ಬಟ್ಟೆ ಹಿಡಿಯುತ್ತದೆ. ಡ್ರಮ್ಮಿಗೆ ಟರ್ಪೆಂಟೈನ್ ಹಾಕಲೇಬಾರದು. ಸೋಪು ಹೋಗುವಂತೆ ನೀರಿನ ಬಟ್ಟೆಯಿಂದ ಒರೆಸಿ, ನೂಲುಪುಡಿ ಹಿಡಿಯುವ ಜಾಳಿಗೆ ತೊಳೆದು ಒಣಗಿಸಿ ಹಾಕಿ. ಕೊನೆಗೆ ಹಳೇ ಬಿಳಿ ಟವೆಲ್ ಒದ್ದೆ ಮಾಡಿ ಹಿಂಡಿ, ಒಳಗೆ ಹಾಕಿ ಇಪ್ಪತ್ತು ನಿಮಿಷ ಓಡಿಸಿ. ಟವೆಲ್‌ನಲ್ಲಿ ಒಂದು ಗೆರೆ ಬಣ್ಣ ಕಂಡರೂ ಮಕ್ಕಳ ಬಟ್ಟೆ ಹಾಕುವ ಮೊದಲು ಡ್ರಮ್ ಇನ್ನೊಮ್ಮೆ ಒರೆಸಿ.